ಮೇನ್ ರೋಡ್ ಮುಟ್ಟದ ದಾರಿ

ಕನಕಪುರ ರಸ್ತೆಗೆ ಸೈಕಲ್ ಇಳಿಸಿದ ಮೊದಲ ದಿನವೇ ನಾನು ಬಿದ್ದೆ. ಹಿಂದಿನಿಂದ ಬಂದ ಬಸ್ಸು ಸ್ಟಾಪಿಗೆಂದು ಎಡಕ್ಕೆ ವಾಲಿತು, ನಾನು ಇನ್ನೂ ಎಡಕ್ಕೆ ಸರಿದೆ, ಸರಿಯಲು ಜಾಗ ಮುಗಿದಾಗ ಮುಂದಿನ ಚಕ್ರ ಫುಟ್‌ಪಾತಿನ ಅಂಚುಗಲ್ಲಿಗೆ ಬಡಿಯಿತು. ಮೊಣಕೈ ತರಚಿತು. ಊಟದ ಡಬ್ಬಿ ಬುಟ್ಟಿಯಿಂದ ಹಾರಿ ಚಿತ್ರಾನ್ನವೆಲ್ಲ ರಸ್ತೆಗೆ ಚೆಲ್ಲಿತು. ಸ್ಟಾಪಿನಲ್ಲಿ ನಿಂತಿದ್ದ ಹೆಂಗಸೊಬ್ಬರು ನನ್ನನ್ನು ಎಬ್ಬಿಸಿ, "ಈ ರೋಡಲ್ಲಿ ಸೈಕಲ್ಲಾ ಮೇಡಂ? ಮನೇಲಿ ಯಾರೂ ಹೇಳ್ಲಿಲ್ವಾ?" ಎಂದರು. ಬಸ್ಸಿನ ಕಿಟಕಿಗಳಿಂದ ಹತ್ತಾರು ಮುಖಗಳು ನನ್ನನ್ನೇ ನೋಡುತ್ತಿದ್ದವು. ನೋವಿಗಿಂತ ನಾಚಿಕೆಯೇ ಹೆಚ್ಚಾಯಿತು. ಸೈಕಲ್ ತಳ್ಳಿಕೊಂಡು ಮನೆಗೆ ಹಿಂದಿರುಗಿ, ಬಟ್ಟೆ ಬದಲಿಸಿ, ಮೆಟ್ರೋ ಹಿಡಿದು ತಡವಾಗಿ ಶಾಲೆ ಸೇರಿದೆ.

ನಾವು ದಾವಣಗೆರೆಯಿಂದ ಬೆಂಗಳೂರಿಗೆ ಬಂದು ಆಗ ಮೂರ್ನಾಲ್ಕು ತಿಂಗಳಾಗಿತ್ತು. ನನ್ನ ಯಜಮಾನರು ಗೊಬ್ಬರದ ಕಂಪನಿಯೊಂದರಲ್ಲಿ ಕೆಲಸ ಮಾಡುತ್ತಾರೆ. ಅವರಿಗೆ ಇಲ್ಲಿಗೆ ವರ್ಗವಾಯಿತು. ನನಗೆ ಜಯನಗರದ ಒಂದು ಶಾಲೆಯಲ್ಲಿ ಗಣಿತ ಕಲಿಸುವ ಕೆಲಸ ಸಿಕ್ಕಿತು. ಮನೆ ಸಿಕ್ಕಿದ್ದು ಮಾತ್ರ ಕೋಣನಕುಂಟೆಯಲ್ಲಿ. ದಾವಣಗೆರೆಯಲ್ಲಿ ಹೈಸ್ಕೂಲಿನಿಂದಲೂ ನಾನು ಸೈಕಲ್ ಬಿಟ್ಟವಳಲ್ಲ. ಮದುವೆಯಾದ ಮೇಲೂ, ಮಗಳು ಹುಟ್ಟಿದ ಮೇಲೂ, ಆ ಮಗಳು ಓದಲೆಂದು ಹಾಸ್ಟೆಲ್ ಸೇರಿದ ಮೇಲೂ ಶಾಲೆಗೆ ಸೈಕಲ್ಲಿನಲ್ಲೇ ಹೋಗಿಬರುತ್ತಿದ್ದೆ. ಆ ಊರಿನ ಯಾವ ಓಣಿಯಲ್ಲಿ ಎಷ್ಟು ಹೊತ್ತಿಗೆ ಮಂಡಕ್ಕಿ ಭಟ್ಟಿಯ ಹೊಗೆ ಬರುತ್ತದೆ, ಯಾವ ತಿರುವಿನಲ್ಲಿ ಎಮ್ಮೆ ಅಡ್ಡ ಮಲಗಿರುತ್ತದೆ ಎಂಬುದೆಲ್ಲ ನನ್ನ ಕಾಲಿಗೇ ಗೊತ್ತಿತ್ತು.

ಬೆಂಗಳೂರಿನಲ್ಲಿ ನನಗೆ ಎರಡೇ ಜಾಗ ಗೊತ್ತಿದ್ದವು: ಮೆಟ್ರೋ ಹತ್ತುವ ಜಾಗ, ಇಳಿಯುವ ಜಾಗ. ನಡುವೆ ಯಾರು ಬದುಕುತ್ತಾರೆ, ಏನು ಮಾರುತ್ತಾರೆ, ಯಾವ ಮರ ಹೂ ಬಿಟ್ಟಿದೆ, ಏನೂ ಗೊತ್ತಾಗುತ್ತಿರಲಿಲ್ಲ. ಪಾರ್ಸೆಲ್ಲಿನ ಹಾಗೆ ಹೋಗುತ್ತಿದ್ದೆ, ಪಾರ್ಸೆಲ್ಲಿನ ಹಾಗೆ ಬರುತ್ತಿದ್ದೆ. ಅದಕ್ಕೇ ಆ ದಿನ ಸೈಕಲ್ ಇಳಿಸಿದ್ದು.

ಸಂಜೆ ಯಜಮಾನರು ನನ್ನ ಮೊಣಕೈ ನೋಡಿದರು. ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ. ಡೆಟಾಲ್ ತಂದು ಒರೆಸಿ, ಹತ್ತಿಯನ್ನು ಕಸದ ಬುಟ್ಟಿಗೆ ಹಾಕಿದರು.

"ಸೈಕಲ್ ಬ್ಯಾಡ," ಎಂದರು. "ಮೆಟ್ರೋ ಐತಲ್ಲ."

ಅವರ ಹೆದರಿಕೆಗೆ ಕಾರಣವಿತ್ತು. ಕಾಲೇಜಿನ ದಿನಗಳಲ್ಲಿ ಅವರ ಜೀವದ ಗೆಳೆಯನೊಬ್ಬ ಸೈಕಲ್ಲಿನಲ್ಲಿ ಹೈವೇ ದಾಟುವಾಗ ಲಾರಿಗೆ ಸಿಕ್ಕಿ ಹೋಗಿಬಿಟ್ಟಿದ್ದ. ಮದುವೆಯಾದ ಹೊಸತರಲ್ಲಿ ಒಂದೇ ಮಾತಿನಲ್ಲಿ ಅದನ್ನು ಹೇಳಿದ್ದರು. ಆಮೇಲೆ ಎಂದೂ ಆ ವಿಷಯ ಎತ್ತಿರಲಿಲ್ಲ. ಅಂದಿನಿಂದ ಅವರು ಸೈಕಲ್ ಮುಟ್ಟಿದವರಲ್ಲ. ದಾವಣಗೆರೆಯಲ್ಲಿ ನನ್ನ ದಾರಿ ಪೂರ್ತಿ ಒಳಓಣಿಗಳಲ್ಲೇ ಇದ್ದುದರಿಂದ ಸುಮ್ಮನಿದ್ದರು.

"ಮೇನ್ ರೋಡ್ ಮುಟ್ಟದಂಗೆ ಜಯನಗರಕ್ಕೆ ಹೋಗೋ ದಾರಿ ಸಿಕ್ರೆ?" ಎಂದು ಕೇಳಿದೆ.

"ಈ ಊರಾಗೆ ಅಂಥ ದಾರಿ ಇರಲ್ಲ."

"ಇದ್ರೆ?"

"ಇದ್ರೆ ಮೊದ್ಲು ನನಗೆ ತೋರಿಸು. ಆಮೇಲೆ ಮಾತಾಡಾಣ. ಅಲ್ಲೀ ತನಕ ಮೇನ್ ರೋಡಿಗೆ ಇಳಿಯಂಗಿಲ್ಲ."

"ಆಯ್ತು," ಎಂದೆ. ಒಪ್ಪಿಕೊಂಡ ಮೇಲೆ ಮುಗಿಯಿತು. ನನ್ನ ಸ್ವಭಾವವೇ ಹಾಗೆ. ಬಿಡಿಸಲಾಗದ ಲೆಕ್ಕ ಇದ್ದರೆ ನಿದ್ದೆ ಬರುವುದಿಲ್ಲ.

ಮೊದಲು ಫೋನಿನ ಮ್ಯಾಪ್ ನಂಬಿದೆ. ಅದರಲ್ಲಿ ಕೋಣನಕುಂಟೆಯಿಂದ ಪುಟ್ಟೇನಹಳ್ಳಿಯ ಕಡೆಗೆ ತೆಳ್ಳಗಿನ ಬಿಳಿ ಗೆರೆಗಳು ಬೇಕಾದಷ್ಟಿದ್ದವು. ಭಾನುವಾರ ಬೆಳಿಗ್ಗೆ ಆ ಗೆರೆಗಳನ್ನು ಹಿಡಿದು ಹೊರಟರೆ ಒಂದು ಗೋಡೆಗೆ ಮುಗಿಯಿತು, ಇನ್ನೊಂದು ಚರಂಡಿಗೆ, ಮತ್ತೊಂದು ಯಾರದೋ ಮನೆಯ ಕಾರ್ ಶೆಡ್ಡಿಗೆ. ಕಾರ್ ಶೆಡ್ಡಿನವರು ಬ್ರಷ್ ಬಾಯಲ್ಲಿಟ್ಟುಕೊಂಡೇ ಹೊರಗೆ ಬಂದು ನನ್ನನ್ನು ನೋಡಿದರು. ದಾರಿ ಕೇಳಿದೆ. ಬ್ರಷ್ ತೆಗೆದು, "ಹಿಂದಕ್ಕೆ ಹೋಗಿ, ಮೇನ್ ರೋಡ್ ಸಿಗುತ್ತೆ, ಆಮೇಲೆ ಸ್ಟ್ರೈಟ್ ಮೇಡಂ," ಎಂದರು.

ಯಾರನ್ನು ಕೇಳಿದರೂ ಇದೇ ಉತ್ತರ. ಹಾಲಿನ ಬೂತಿನವರು, ಹೂವಿನವರು, ಆಟೋದವರು, ಎಲ್ಲರೂ ನನ್ನನ್ನು ಮೇನ್ ರೋಡಿಗೇ ಕಳಿಸುವವರು. ಒಬ್ಬ ಆಟೋದವರಂತೂ, "ಒಳಗಡೆ ಹೋದ್ರೆ ಕಳೆದೋಗ್ತೀರಾ ಅಕ್ಕ," ಎಂದು ನಿಜವಾದ ಕಾಳಜಿಯಿಂದಲೇ ಹೇಳಿದರು.

ಈ ಕಡೆಯಿಂದ ಆಗದಿದ್ದರೆ ಆ ಕಡೆಯಿಂದ ಬಿಡಿಸೋಣ ಎಂದುಕೊಂಡೆ. ಗಣಿತದಲ್ಲಿ ಉತ್ತರದಿಂದ ಹಿಂದಕ್ಕೆ ಬರುವ ಅಭ್ಯಾಸ ನನಗಿತ್ತು. ಶಾಲೆ ಬಿಟ್ಟ ಮೇಲೆ ಮೆಟ್ರೋ ಹತ್ತದೆ, ದಕ್ಷಿಣಕ್ಕೆ ಮುಖ ಮಾಡಿ ನಡೆಯತೊಡಗಿದೆ. ಒಂದು ದಿನ ಒಂದಿಷ್ಟು ದೂರ, ಮರುದಿನ ಅಲ್ಲಿಂದ ಮುಂದೆ. ಜಯನಗರದ ಕಾಂಪ್ಲೆಕ್ಸಿನ ಗದ್ದಲ ದಾಟಿದರೆ ಒಳಗಿನ ಅಡ್ಡರಸ್ತೆಗಳು ಬೇರೆಯೇ ಊರು. ಎರಡೂ ಕಡೆಯ ಮರಗಳು ಮೇಲೆ ಕೂಡಿಕೊಂಡು ಮಧ್ಯಾಹ್ನವನ್ನೇ ಸಂಜೆ ಮಾಡಿರುತ್ತವೆ. ತಿಲಕ್ ನಗರದ ಕಡೆಗೆ ತಿರುಗಿದರೆ ಬೇಕರಿ, ಟೈಲರ್ ಅಂಗಡಿ, ಮಾಂಸದಂಗಡಿ, ಸ್ಕೂಟರ್ ರಿಪೇರಿ ಎಲ್ಲ ಮೈಗೆ ಮೈ ತಾಗಿಕೊಂಡು ನಿಂತಿವೆ. ಅಲ್ಲಿ ಸೈಕಲ್ ಓಡಿಸುವುದು ಕಷ್ಟ ಎಂದು ಗೊತ್ತಾಗಿ, ಮರಳಿ ಬ್ಲಾಕುಗಳ ಒಳಗೇ ಬಂದೆ. ಜೆ.ಪಿ. ನಗರದ ಎರಡನೇ ಫೇಸಿನಲ್ಲೂ ಮನೆಗಳ ಮುಂದೆ ನೆರಳಿತ್ತು. ಹಾಗೆ ನಡೆನಡೆದು ರಿಂಗ್ ರೋಡ್ ತಲುಪಿದೆ. ಅದರ ಆಚೆಗೂ ಒಳರಸ್ತೆಗಳು ಪುಟ್ಟೇನಹಳ್ಳಿ ಕೆರೆಯವರೆಗೆ ಸುಗಮವಾಗಿಯೇ ಇದ್ದವು.

ಉಳಿದದ್ದು ಕೆರೆಗೂ ನಮ್ಮ ಮನೆಗೂ ನಡುವಿನ ತುಂಡು. ಅದನ್ನು ಸಂಜೆ ಹೊತ್ತು ಮನೆಯ ಕಡೆಯಿಂದ ಸೈಕಲ್ಲಿನಲ್ಲಿ ಹುಡುಕತೊಡಗಿದೆ. ಅಲ್ಲಿ ಒಂದು ಲೇಔಟ್ ಅಡ್ಡ ಕೂತಿತ್ತು. ಚೆಂದದ ಟಾರು ರಸ್ತೆ, ಎರಡು ತುದಿಗೂ ಗೇಟು. ಈ ಗೇಟಿನಿಂದ ಒಳಗೆ ಹೋಗಿ ಆ ಗೇಟಿನಿಂದ ಹೊರಗೆ ಬಂದರೆ ನನ್ನ ಲೆಕ್ಕ ಮುಗಿಯುತ್ತಿತ್ತು. ಸೆಕ್ಯೂರಿಟಿಯವರು ಬಿಡಲಿಲ್ಲ. "ಅಸೋಸಿಯೇಷನ್ ಸಾರ್ ಹತ್ರ ಮಾತಾಡಿ ಮೇಡಂ. ನಾನು ಬಿಟ್ರೆ ನನಗೆ ಬೈತಾರೆ," ಎಂದರು.

ಆ ದಿನ ಸಪ್ಪೆ ಮುಖ ಹೊತ್ತು ಮನೆಗೆ ಬಂದಾಗ ನಮ್ಮ ಬಾಡಿಗೆ ಮನೆಯ ಓನರ್ ಆಂಟಿ ಕೆಳಗಿನ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ಅವರದು ಕೋಣನಕುಂಟೆಯ ಹಳೆಯ ಕುಟುಂಬ. ಮೊದಲು ಹೊಲ ಮಾಡುತ್ತಿದ್ದವರು. ಈಗ ಮೂರು ಕಟ್ಟಡಗಳಲ್ಲಿ ಬಾಡಿಗೆದಾರರಿದ್ದಾರೆ. ಅರವತ್ತು ದಾಟಿದೆ, ದನಿ ಮಾತ್ರ ಇಡೀ ಬೀದಿಗೆ ಕೇಳುತ್ತದೆ.

"ಏನ್ ಟೀಚರಮ್ಮ, ದಿನಾ ಸೈಕಲ್ ತಗೊಂಡು ಎಲ್ಲಿಗೆ ಓಗ್ತೀಯ, ಅಂಗೇ ವಾಪಸ್ ಬತ್ತೀಯ?" ಎಂದು ಕೇಳಿದರು.

ನಾನು ಎಲ್ಲ ಹೇಳಿದೆ. ಲೇಔಟಿನ ಹೆಸರು ಕೇಳಿದ ಕೂಡಲೇ ಅವರ ಕೈ ನಿಂತಿತು.

"ಅದು ನಮ್ ಭಾವನೋರ ಹೊಲ ಕಣಮ್ಮ! ಆ ಬದಿಯಲ್ಲೇ ಗಾಡಿ ಜಾಡು ಇತ್ತು. ತಲೆ ಮೇಲೆ ಸೊಪ್ಪಿನ ಕುಕ್ಕೆ ಇಟ್ಕೊಂಡು ನಾವೆಲ್ಲಾ ಅಲ್ಲೇ ನಡ್ಕೊಂಡು ಸಾರಕ್ಕಿ ಮಾರ್ಕೆಟ್ಟಿಗೆ ಓಗ್ತಿದ್ವಿ. ನಿನ್ನ ಬಿಡಾಕಿಲ್ಲ ಅಂದ್ರಾ? ಭಾನುವಾರ ನಾನೂ ಬತ್ತೀನಿ, ನಡಿ."

ಭಾನುವಾರ ಓನರ್ ಆಂಟಿ ರೇಷ್ಮೆ ಸೀರೆ ಉಟ್ಟು ಬಂದರು. ಅಸೋಸಿಯೇಷನ್ನಿನ ಸೆಕ್ರೆಟರಿ ನಿವೃತ್ತರು, ಸೌಮ್ಯವಾದ ಮನುಷ್ಯ. ನಮ್ಮಿಬ್ಬರಿಗೂ ಕುರ್ಚಿ ಹಾಕಿಸಿ ಕಾಫಿ ತರಿಸಿದರು. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ, ಸೈಕಲ್ಲಿನಿಂದ ಇಳಿದು ತಳ್ಳಿಕೊಂಡೇ ಹೋಗುತ್ತೇನೆ ಎಂದು ನಾನು ಕೇಳಿಕೊಂಡೆ.

"ನಿಮ್ಮ ಮೇಲೆ ಅನುಮಾನ ಅಲ್ಲ ಮೇಡಂ," ಎಂದರು ಅವರು. "ಹೋದ್ವರ್ಷ ಇಲ್ಲೇ ಒಬ್ಬರ ಸರ ಕಿತ್ಕೊಂಡ್ ಹೋದ್ರು. ಆಮೇಲೆ ಗೇಟ್ ಹಾಕಿದ್ದು. ಇವತ್ತು ನಿಮಗೆ ಬಿಟ್ರೆ ನಾಳೆ ಡೆಲಿವರಿ ಬೈಕ್‌ಗಳೆಲ್ಲಾ ನುಗ್ತವೆ. ಅವ್ರಿಗೆ ಬೇಡ ಅನ್ನೋಕೆ ಬಾಯಿ ಇರಲ್ಲ ನನಗೆ."

ಓನರ್ ಆಂಟಿ ಕಾಫಿ ಲೋಟ ಕೆಳಗಿಟ್ಟರು. "ಸ್ವಾಮಿ, ನೀವು ಕೂತಿರೋ ಜಾಗದಾಗೆ ನಾವು ಅವರೆ ಬಿತ್ತಿದ್ವಿ. ಇದು ದಾರಿ. ಗೇಟು ನಿನ್ನೆ ಮೊನ್ನೆ ಬಂದಿದ್ದು."

"ಇರಬಹುದಮ್ಮ. ಆದ್ರೆ ಮಾರಿದ್ದೂ ನೀವೇ ಅಲ್ವಾ?"

ಅವರು ಅದನ್ನು ಕೊಂಕಿನಿಂದ ಹೇಳಲಿಲ್ಲ. ಆದರೂ ಓನರ್ ಆಂಟಿ ಅರ್ಧ ಕಾಫಿ ಬಿಟ್ಟು ಎದ್ದರು. ಸೆಕ್ರೆಟರಿಯವರು ಗೇಟಿನವರೆಗೂ ಬಂದು ನಮ್ಮನ್ನು ಬೀಳ್ಕೊಟ್ಟರು. ಅಷ್ಟು ಮರ್ಯಾದೆಯಿಂದ ಇಲ್ಲ ಎನ್ನಿಸಿಕೊಂಡರೆ ಸಿಟ್ಟು ಮಾಡಿಕೊಳ್ಳಲೂ ಆಗುವುದಿಲ್ಲ.

ಹೊರಗೆ ಬಂದು ಓನರ್ ಆಂಟಿ ಕಾಂಪೌಂಡಿನ ಗೋಡೆಗೆ ಕೈಯಾನಿಸಿ ನಿಂತರು. ಸುಸ್ತಾಯಿತೇನೋ ಎಂದು ನಾನು ಆಟೋ ಹುಡುಕಿದೆ.

"ಆಟೋ ಬ್ಯಾಡ," ಎಂದರು. "ಒಲ ಮಾರಿದ್ದಕ್ಕೆ ಬೇಜಾರಿಲ್ಲ ಕಣಮ್ಮ. ಮಾರಿದ್ವಿ, ಚೆನ್ನಾಗೇ ಇದೀವಿ. ನಡಿಯಾಕೂ ದಾರಿ ಇಲ್ಲ ಅಂದ್ರಲ್ಲ, ಅದು ಮನಸಿಗೆ ಚುಚ್ತು." ಆಮೇಲೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದರು. "ಬಾ, ಇವ್ರ ಗೋಡೆ ಎಲ್ಲಿಗಂಟ ಓಗುತ್ತೆ ನೋಡೇಬಿಡಾಣ."

ಗೋಡೆಯ ಗುಂಟ ನಡೆದೆವು. ಅವರು ಮುಂದೆ, ಸೈಕಲ್ ತಳ್ಳಿಕೊಂಡು ನಾನು ಹಿಂದೆ. ಕಟ್ಟಡದ ಅವಶೇಷ ಸುರಿದ ಖಾಲಿ ಸೈಟು, ಪಾರ್ಥೇನಿಯಂ ಗಿಡ, ಒಡೆದ ಕಮೋಡು, ಅದರ ಮೇಲೆ ಮಲಗಿದ್ದ ಬೆಕ್ಕು. ರೇಷ್ಮೆ ಸೀರೆಯ ಅಂಚಿಗೆಲ್ಲ ಮುಳ್ಳು ಹತ್ತಿತು. ವಾಪಸ್ ಹೋಗೋಣ ಆಂಟಿ ಎಂದರೂ ಕೇಳಲಿಲ್ಲ. ಗೋಡೆ ಬಲಕ್ಕೆ ತಿರುಗಿತು, ಮತ್ತೆ ತಿರುಗಿತು, ಆಮೇಲೆ ಇದ್ದಕ್ಕಿದ್ದಂತೆ ಒಳಕ್ಕೆ ಬಾಗಿತು. ಅಲ್ಲಿ ಒಂದು ಹೊಂಗೆ ಮರ, ಅದರ ಬುಡದಲ್ಲಿ ಮುನೇಶ್ವರನ ಪುಟ್ಟ ಗುಡಿ. ಗುಡಿಯನ್ನು ಕೀಳುವ ಧೈರ್ಯ ಯಾರಿಗೂ ಬಂದಿರಲಿಲ್ಲ, ಗೋಡೆಯೇ ಬಾಗಿ ಜಾಗ ಬಿಟ್ಟಿತ್ತು. ಗುಡಿಗೆ ಈ ಕಡೆಯವರೂ ಬರುತ್ತಿದ್ದರು, ಆ ಕಡೆಯವರೂ ಬರುತ್ತಿದ್ದರು. ಹಾಗೆ ಬಂದು ಬಂದು ಮಳೆನೀರು ಹರಿಯುವ ರಾಜಕಾಲುವೆಯ ದಂಡೆಯ ಮೇಲೆ ಒಂದು ಕಾಲುದಾರಿ ಬಿದ್ದಿತ್ತು. ಕಾರು ಹೋಗದು, ಬೈಕೂ ಕಷ್ಟ. ಸೈಕಲ್ ಹೋಗುತ್ತದೆ.

ನಾನು ಹತ್ತಿ ತುಳಿದೆ. ಹ್ಯಾಂಡಲ್ ಗೋಡೆಗೆ ತಾಗದಂತೆ ನಿಧಾನವಾಗಿ ಹೋಗಿ, ಕೊನೆಯ ತಿರುವು ದಾಟಿ ಕಣ್ಣೆತ್ತಿದರೆ ಎದುರಿಗೆ ನಾನು ಎಷ್ಟೋ ಸಂಜೆ ನಡೆದು ನೋಡಿದ್ದ ಅದೇ ಪುಟ್ಟೇನಹಳ್ಳಿಯ ರಸ್ತೆ! ಅಲ್ಲೇ ಸೈಕಲ್ ನಿಲ್ಲಿಸಿ "ಆಂಟೀ!" ಎಂದು ಕೂಗಿದೆ. ಗೋಡೆಯ ಹಿಂದಿನಿಂದ ಉತ್ತರ ಬಂತು: "ಸಿಕ್ತಾ?"

"ಸಿಕ್ತು!"

"ಅಂಗಾದ್ರೆ ಬಾ, ಮುನೇಶ್ವರಂಗೆ ಕೈ ಮುಗಿ ಮೊದ್ಲು."

ಇನ್ನು ಉಳಿದದ್ದು ರಿಂಗ್ ರೋಡ್. ಅದನ್ನು ಸುತ್ತಿ ಹೋಗುವ ದಾರಿಯಿಲ್ಲ. ಎಲ್ಲಿಯಾದರೂ ಒಂದು ಕಡೆ ದಾಟಲೇಬೇಕು. ರಾತ್ರಿ ಊಟದ ಹೊತ್ತಿಗೆ ಯಜಮಾನರಿಗೆ ಎಲ್ಲ ಹೇಳಿ, ಕೊನೆಗೆ ಇದನ್ನೂ ಹೇಳಿದೆ.

"ದಾಟಿದ್ರೆ ಮುಟ್ಟಿದಂಗೇ ಅಲ್ವಾ?" ಎಂದರು.

"ಸಿಗ್ನಲ್ಲಾಗೆ ನಿಂತು, ನಡಿಯೋರ ಜೊತೆ ನಡ್ಕೊಂಡು ದಾಟ್ತೀನಿ. ಸೈಕಲ್ ಮೇಲೆ ಕೂರಲ್ಲ. ನಡಿಯೋದಕ್ಕೂ ಬ್ಯಾಡ ಅಂತೀರಾ?"

ಅವರು ಅನ್ನಕ್ಕೆ ಸಾರು ಬಡಿಸಿಕೊಂಡರು. "ಬರೋ ಭಾನುವಾರ ನಾನೂ ಬರ್ತೀನಿ," ಎಂದರು. "ಹಿಂದೆ ಸ್ಕೂಟರಲ್ಲಿ ಅಲ್ಲ. ಸೈಕಲ್ಲಲ್ಲೇ. ಇಲ್ಲಾಂದ್ರೆ ಗೊತ್ತಾಗಲ್ಲ."

ನಾನು ಮಾತು ಬದಲಿಸಿ ಮಜ್ಜಿಗೆ ಬಡಿಸಿದೆ. ಅದನ್ನೇ ಎತ್ತಿದರೆ ಮನಸ್ಸು ಬದಲಿಸಿಬಿಡುತ್ತಾರೆ ಎಂಬ ಭಯ.

ಓನರ್ ಆಂಟಿ ಮೊಮ್ಮಗನ ಸೈಕಲ್ ಕೊಟ್ಟರು. ಯಜಮಾನರು ಹತ್ತಿದಾಗ ಅದು ಎಡಕ್ಕೂ ಬಲಕ್ಕೂ ಹೊಯ್ದಾಡಿತು. ಬೀದಿಯ ಕೊನೆಯವರೆಗೂ ಅವರ ಹೆಗಲು ಕಿವಿಗೆ ತಾಗಿಕೊಂಡೇ ಇತ್ತು. ಮುನೇಶ್ವರನ ಗುಡಿಯ ಹತ್ತಿರ ಇಳಿದು ತಳ್ಳಿದರು. ಪುಟ್ಟೇನಹಳ್ಳಿ ಕೆರೆಯ ಬಳಿ ನೀರುಕಾಗೆಗಳು ರೆಕ್ಕೆ ಬಿಚ್ಚಿ ಬಿಸಿಲು ಕಾಯಿಸಿಕೊಳ್ಳುತ್ತಿದ್ದವು. ಅದನ್ನು ನೋಡಲೆಂದು ಅವರೇ ನಿಂತಾಗ ಹೆಗಲು ಸ್ವಲ್ಪ ಕೆಳಗಿಳಿದಿತ್ತು.

ರಿಂಗ್ ರೋಡಿನ ಸಿಗ್ನಲ್ ಬಂತು. ಭಾನುವಾರವಾದರೂ ಬಸ್ಸು, ಟೆಂಪೋ, ನೀರಿನ ಟ್ಯಾಂಕರ್ ಹರಿಯುತ್ತಲೇ ಇದ್ದವು. ದಾರಿಹೋಕರ ಹಸಿರು ದೀಪ ಬಿತ್ತು. ನಾನು ಎರಡು ಹೆಜ್ಜೆ ಇಟ್ಟು ತಿರುಗಿ ನೋಡಿದರೆ ಅವರು ನಿಂತಲ್ಲೇ ಇದ್ದರು. ವಾಪಸ್ ಬಂದು ಪಕ್ಕದಲ್ಲಿ ನಿಂತೆ. ದೀಪ ಕೆಂಪಾಯಿತು, ಮತ್ತೆ ಹಸಿರಾಯಿತು. ಅವರು ಕದಲಲಿಲ್ಲ.

"ಅವನು ನನ್ನ ಮುಂದೆ ಇದ್ದ," ಎಂದರು ಮೆಲ್ಲಗೆ. "ಬಾರಲೇ ಬೇಗ, ಅಂತ ತಿರುಗಿ ಕರೆದ. ತಿರುಗಿದ್ದಕ್ಕೇ ಲಾರಿ ನೋಡ್ಲಿಲ್ಲ."

ಮದುವೆಯಾಗಿ ಇಪ್ಪತ್ತು ವರ್ಷದ ಮೇಲಾಗಿತ್ತು. ಇದನ್ನು ಅವರು ನನಗೆ ಹೇಳಿರಲಿಲ್ಲ. "ನಾನು ಮುಂದೆ ಹೋಗಲ್ಲ," ಎಂದೆ. "ಜೊತೆಗೇ ನಡೀತೀನಿ. ಆಗಲ್ಲ ಅಂದ್ರೆ ಇಲ್ಲಿಂದಲೇ ತಿರುಗೋಣ. ನಾಳೆಯಿಂದ ಮೆಟ್ರೋದಲ್ಲೇ ಹೋಗ್ತೀನಿ."

ಆ ಕ್ಷಣದಲ್ಲಿ ನಾನು ಅದನ್ನು ಮನಸಾರೆ ಹೇಳಿದ್ದೆ. ಅವರು ನನ್ನ ಮುಖ ನೋಡಿದರು. ಮತ್ತೆ ಹಸಿರು ಬಂದಾಗ, "ನಡಿ," ಎಂದರು. ಎರಡೂ ಸೈಕಲ್‌ಗಳ ನಡುವೆ ನಾವಿಬ್ಬರು ಭುಜಕ್ಕೆ ಭುಜ ತಾಗಿಸಿಕೊಂಡು ದಾಟಿದೆವು. ಆ ಬದಿ ಮುಟ್ಟಿದ ಮೇಲೆ ಅವರು ಕರ್ಚೀಫಿನಿಂದ ಮುಖ ಒರೆಸಿಕೊಂಡು, ಕಣ್ಣನ್ನೂ ಒರೆಸಿಕೊಂಡರು.

ಜಯನಗರದ ಮರಗಳ ಕೆಳಗೆ ಬಂದಾಗ ಏನಾಯಿತೋ, ಅವರು ಸೀಟಿನಿಂದ ಎದ್ದು ನಿಂತು ತುಳಿಯತೊಡಗಿದರು. ಖಾಲಿ ರಸ್ತೆ, ಇಳಿಜಾರು ಬೇರೆ. ನಾನು ಕೂಗಿದರೂ ನಿಲ್ಲಲಿಲ್ಲ. ಶಾಲೆಯ ಗೇಟಿನ ಮುಂದೆ ಹೋಗಿ ನಿಂತು ಏದುಸಿರು ಬಿಡುತ್ತಿದ್ದರು. ಪಕ್ಕದ ದರ್ಶಿನಿಗೆ ಹೋದೆವು. ಇಡ್ಲಿಯ ಮೇಲೆ ಇನ್ನೊಂದು ಸೌಟು ಚಟ್ನಿ ಹಾಕಿಸಿಕೊಂಡು, "ಮಳೆ ಬಂದ್ ದಿನ ಮಾತ್ರ ಮೆಟ್ರೋ," ಎಂದರು. ಅಷ್ಟೇ.

ಮರುದಿನದಿಂದ ನಾನು ಸೈಕಲ್ಲಿನಲ್ಲಿ ಶಾಲೆಗೆ ಹೋಗತೊಡಗಿದೆ. ಸೀರೆ ಬದಲು ಚೂಡಿದಾರ. ಮೊದಲ ವಾರ ಬೆವರು ಆರುವ ಮೊದಲೇ ಪ್ರಾರ್ಥನೆಯ ಗಂಟೆ ಹೊಡೆಯುತ್ತಿತ್ತು. ಸ್ಟಾಫ್ ರೂಮಿನಲ್ಲಿ ಒಬ್ಬರು, "ಡಯೆಟ್ಟಾ ಮೇಡಂ?" ಎಂದು ಕೇಳಿದರು, ಇನ್ನೊಬ್ಬರು ಮೆಟ್ರೋ ದುಡ್ಡು ಉಳಿಸುತ್ತಿದ್ದೇನೆ ಎಂದುಕೊಂಡರು. ಇರಲಿ. ಪುಟ್ಟೇನಹಳ್ಳಿಯ ಯಾವ ಮನೆಯ ಮುಂದೆ ಬೆಳಿಗ್ಗೆ ಕಾಫಿಬೀಜ ಹುರಿಯುವ ವಾಸನೆ ಬರುತ್ತದೆ, ಎರಡನೇ ಫೇಸಿನ ಯಾವ ಅಜ್ಜ ಎಷ್ಟು ಹೊತ್ತಿಗೆ ಗೇಟಿನ ಬಳಿ ಪೇಪರಿಗಾಗಿ ಕಾಯುತ್ತಾರೆ ಎಂಬುದು ನನಗೆ ಗೊತ್ತಾಯಿತು. ಆ ಅಜ್ಜ ಒಂದು ದಿನ, "ನಿನ್ನೆ ಬರ್ಲಿಲ್ಲ?" ಎಂದು ಕೇಳಿದರು. ಈ ಊರಿನಲ್ಲಿ ನಾನು ಬರದಿದ್ದುದನ್ನು ಗಮನಿಸಿದ ಮೊದಲ ಹೊರಗಿನವರು ಅವರೇ. ಜ್ವರ ಇತ್ತು ಎಂದೆ. ಶುಂಠಿ ಕಷಾಯ ಕುಡಿ ಎಂದರು.

ಭಾನುವಾರಗಳಲ್ಲಿ ಯಜಮಾನರೂ ಬರುತ್ತಾರೆ. ಅವರಿಗೂ ಒಂದು ಸೆಕೆಂಡ್ ಹ್ಯಾಂಡ್ ಸೈಕಲ್ ತಂದಿದ್ದೇವೆ. ಈಗ ಹೋಗುವುದು ಬೇರೆ ದಿಕ್ಕಿಗೆ: ಅಂಜನಾಪುರದ ಇನ್ನೂ ಮನೆ ಏಳದ ಅಗಲ ರಸ್ತೆಗಳು, ಅದರಾಚೆ ಹೂವಿನ ತೋಟಗಳ ನಡುವಿನ ಏರಿಳಿತ. ಏರು ಬಂದಾಗ ಇಬ್ಬರೂ ಇಳಿದು ತಳ್ಳುತ್ತೇವೆ. ನಾಚಿಕೆಯೇನಿಲ್ಲ.

ಈ ಮಳೆಗಾಲಕ್ಕೆ ಮೊದಲು ಒಂದು ಸಂಜೆ ಶಾಲೆಯಿಂದ ಬರುವಾಗ ರಾಜಕಾಲುವೆಯ ದಂಡೆಯ ಮೇಲೆ ಜೆಸಿಬಿ ನಿಂತಿತ್ತು. ಕಾಲುವೆ ಅಗಲ ಮಾಡುತ್ತಾರಂತೆ. ಮುನೇಶ್ವರನ ಗುಡಿ ಉಳಿದಿತ್ತು. ಅದರ ಎರಡೂ ಕಡೆ ಆಳದ ಗುಂಡಿ. "ಎಷ್ಟು ದಿನ ಅಣ್ಣ?" ಎಂದು ಕೆಲಸದವರನ್ನು ಕೇಳಿದೆ. ಅವರು ಕೈಯಾಡಿಸಿದರು. ಸುತ್ತಿ ಬಳಸಿ, ಮೇನ್ ರೋಡಿನ ಫುಟ್‌ಪಾತಿನಲ್ಲಿ ಸೈಕಲ್ ತಳ್ಳಿಕೊಂಡು ಕತ್ತಲಾದ ಮೇಲೆ ಮನೆ ಸೇರಿದೆ. ಎಲ್ಲ ಹಾಳಾಯಿತು ಎಂದು ಅಡುಗೆಮನೆಯಲ್ಲಿ ಪಾತ್ರೆ ಕುಕ್ಕಿದೆ. ಯಜಮಾನರು ಕೇಳಿಸಿಕೊಂಡು ಊಟಕ್ಕೆ ತಟ್ಟೆ ಹಾಕಿದರು.

ಮರುದಿನ ಶನಿವಾರ, ಶಾಲೆಗೆ ರಜೆ. ನಾನು ಏಳುವ ಹೊತ್ತಿಗೆ ಅವರು ಮನೆಯಲ್ಲಿರಲಿಲ್ಲ. ಹಾಲು ತರಲು ಹೋಗಿರಬೇಕು ಎಂದುಕೊಂಡೆ. ಹಾಲು ಫ್ರಿಜ್ಜಿನಲ್ಲೇ ಇತ್ತು. ಬಿಸಿಲೇರಿದ ಮೇಲೆ ಬಂದರು. ಚಪ್ಪಲಿಯಿಂದ ಮೊಳಕಾಲಿನವರೆಗೂ ಕೆಸರು ಹಾರಿತ್ತು, ಪ್ಯಾಂಟಿಗೆಲ್ಲ ಉತ್ತರಾಣಿ ಮುಳ್ಳು.

"ಮಾರ್ಬಲ್ ಅಂಗಡಿ ಐತಲ್ಲ, ಅದರ ಹಿಂದೆ ಒಂದು ಸಂದಿ ಐತೆ," ಎಂದರು ನೀರು ಕುಡಿಯುತ್ತ. "ಕೆರೆ ಕಡೆಗೇ ಹೋಗುತ್ತೆ. ಪೂರ್ತಿ ನಡೆದು ನೋಡಿ ಬಂದೆ. ಆದ್ರೆ ನಾಯಿ ಐದಾರು ಅದಾವೆ."

"ಕಚ್ಚೋ ನಾಯಿನಾ?"

"ಗೊತ್ತಿಲ್ಲ. ತಿಂಡಿ ತಿಂದು ಇಬ್ರೂ ಹೋಗಿ ನೋಡಾಣ. ಬಿಸ್ಕೆಟ್ ಪ್ಯಾಕೆಟ್ ಇದ್ರೆ ತಗೋ."